ಕೆಲಸದ ಹಿಂದೆ ಹೋಗಿ: ಆಪರೇಷನ್ಸ್ ಮ್ಯಾನೇಜ್‌ಮೆಂಟ್‌ನ ಮೂಲ ಪಾಠಗಳು, ಹೆಜ್ಜೆ ಹೆಜ್ಜೆಯಾಗಿ

ಮೊದಲ ಸಲ ಪ್ರೊಡಕ್ಷನ್ ಜವಾಬ್ದಾರಿ ನನ್ನ ಕೈಗೆ ಬಂದಾಗ ನಾನು ದಿನವಿಡೀ ಜನರನ್ನೇ ನೋಡುತ್ತಿದ್ದೆ. ಯಾರು ಖಾಲಿ ಕೂತಿದ್ದಾರೆ, ಯಾವ ಮೆಷಿನ್ ನಿಂತಿದೆ, ಯಾರಿಗೆ ಇನ್ನಷ್ಟು ಕೆಲಸ ಕೊಡಬಹುದು ಎಂಬುದೇ ಯೋಚನೆ. ಎಲ್ಲರ ಕೈಯಲ್ಲೂ ಕೆಲಸ ಇತ್ತು. ಆದರೂ ಆರ್ಡರ್‌ಗಳು ಹೇಳಿದ ದಿನಕ್ಕೆ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿರಿಯ ಸೂಪರ್‌ವೈಸರ್ ಒಬ್ಬರು ನನ್ನ ಕೈಗೆ ಒಂದು ಜಾಬ್ ಕಾರ್ಡ್ (ಆರ್ಡರ್ ಜೊತೆಗೇ ಮೇಜಿನಿಂದ ಮೇಜಿಗೆ ಸಾಗುವ ಚೀಟಿ) ಕೊಟ್ಟು, "ಇವತ್ತು ಜನರನ್ನ ಬಿಡಿ ಸರ್, ಈ ಕಾರ್ಡಿನ ಹಿಂದೆ ಹೋಗಿ" ಅಂದರು.

ಹೋದೆ. ಕಾರ್ಡಿನ ಕೆಲಸ ಮೊದಲ ಮೇಜಿನಲ್ಲಿ ಹತ್ತು ನಿಮಿಷ ನಡೆಯಿತು. ಆಮೇಲೆ ಅದು ಒಂದು ಟ್ರೇಗೆ ಬಿತ್ತು. ಸಂಜೆಯವರೆಗೂ ಅಲ್ಲೇ ಇತ್ತು. ಅದರ ಮೇಲೆ ಇನ್ನೂ ಹನ್ನೊಂದು ಕಾರ್ಡು ಬಂದು ಕೂತವು. ಕೆಲಸಗಾರರು ಯಾರೂ ಸುಮ್ನೆ ಕೂತಿರಲಿಲ್ಲ, ಕೆಲಸವೇ ಕೂತಿತ್ತು. ಆ ಟ್ರೇ ಮುಂದೆ ನಿಂತಾಗ ಈ ವಿಷಯ ನನಗೆ ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿತು. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಕಾರ್ಖಾನೆ ಇರಲಿ, ಲ್ಯಾಬ್ ಇರಲಿ, ಅರ್ಜಿಗಳನ್ನು ನೋಡುವ ಆಫೀಸ್ ಇರಲಿ, ಲೆಕ್ಕ ಒಂದೇ.

ಯಾವ ವ್ಯವಹಾರದಲ್ಲೂ ಏನೋ ಒಳಗೆ ಬರುತ್ತದೆ, ಏನೋ ಬದಲಾಗುತ್ತದೆ, ಏನೋ ಹೊರಗೆ ಹೋಗುತ್ತದೆ. ಬಟ್ಟೆ ಬಂದು ಚೀಲವಾಗಿ ಹೋಗುತ್ತದೆ. ರಕ್ತದ ಸ್ಯಾಂಪಲ್ ಬಂದು ರಿಪೋರ್ಟ್ ಆಗಿ ಹೋಗುತ್ತದೆ. ಈ ಒಳಗು ಹೊರಗಿನ ನಡುವೆ ನಡೆಯುವುದನ್ನೆಲ್ಲ ಯೋಚಿಸಿ ರೂಪಿಸುವುದು, ದಿನವೂ ನಡೆಸುವುದು, ಸುಧಾರಿಸುವುದು: ಇದೇ ಆಪರೇಷನ್ಸ್ ಮ್ಯಾನೇಜ್‌ಮೆಂಟ್.

ಅರ್ಥವಾಗಲೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಬಟ್ಟೆ ಚೀಲ ಮಾಡುವ ಒಂದು ಚಿಕ್ಕ ಘಟಕ ಅಂದುಕೊಳ್ಳಿ. ನಾಲ್ಕು ಕೆಲಸ: ಕಟಿಂಗ್, ಪ್ರಿಂಟಿಂಗ್, ಹೊಲಿಗೆ, ಕೊನೆಗೆ ಚೆಕಿಂಗ್-ಪ್ಯಾಕಿಂಗ್ ಒಟ್ಟಿಗೆ. ಒಂದು ಚೀಲಕ್ಕೆ ಕಟಿಂಗ್ 1 ನಿಮಿಷ, ಪ್ರಿಂಟಿಂಗ್ ಒಂದೂವರೆ ನಿಮಿಷ, ಹೊಲಿಗೆ ಎರಡೂವರೆ ನಿಮಿಷ, ಚೆಕಿಂಗ್ 1 ನಿಮಿಷ. ಅಂಕಿಗಳು ಕಲ್ಪನೆಯವು, ಲೆಕ್ಕ ಮಾತ್ರ ನಿಜದ್ದು.

ಹೆಜ್ಜೆ 1: ಒಂದು ಆರ್ಡರ್ ಹಿಂದೆ ನಡೆಯಿರಿ

ಒಂದು ನೋಟ್‌ಬುಕ್, ಒಂದು ಗಡಿಯಾರ ಸಾಕು. ಒಂದು ಆರ್ಡರ್ ಆರಿಸಿಕೊಳ್ಳಿ. ಅದು ಶುರುವಾದ ಜಾಗದಿಂದ ಕೊನೆಯವರೆಗೆ ಅದರ ಜೊತೆಗೇ ಇರಿ. ಪುಟದಲ್ಲಿ ಎರಡು ಕಾಲಂ ಮಾಡಿ: ಕೆಲಸ ನಡೆದ ಹೊತ್ತು, ಕಾದ ಹೊತ್ತು. ಯಾರನ್ನೂ ಕೇಳಿ ಬರೆಯಬೇಡಿ, ಕಣ್ಣಾರೆ ನೋಡಿ ಬರೆಯಿರಿ. ಕೇಳಿದರೆ "ಒಂದೇ ದಿನದ ಕೆಲಸ ಸರ್" ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ತಮ್ಮ ಮೇಜಿನ ಲೆಕ್ಕ ಹೇಳುತ್ತಿದ್ದಾರೆ ಅಷ್ಟೇ.

ನಮ್ಮ ಘಟಕದಲ್ಲಿ 40 ಚೀಲದ ಒಂದು ಆರ್ಡರ್ ನೋಡೋಣ. ಶಿಫ್ಟ್ 9ರಿಂದ 5. ಮೊದಲ ದಿನ ಬೆಳಿಗ್ಗೆ 9:20ಕ್ಕೆ ಸ್ಟೋರಿನಿಂದ ಬಟ್ಟೆ ಬಂತು. 10:05ಕ್ಕೆ ಕಟಿಂಗ್ ಶುರು, 10:45ಕ್ಕೆ ಮುಗೀತು. 2:30ಕ್ಕೆ ಪ್ರಿಂಟಿಂಗ್ ಶುರು, 3:30ಕ್ಕೆ ಮುಗೀತು. ಆಮೇಲೆ ಹೊಲಿಗೆ ಮೆಷಿನ್ ಪಕ್ಕದ ರ್‍ಯಾಕಿನಲ್ಲಿ ಕೂತದ್ದು ಎರಡನೇ ದಿನ ಪೂರ್ತಿ ಅಲ್ಲೇ ಇತ್ತು. ಮೂರನೇ ದಿನ 11ಕ್ಕೆ ಹೊಲಿಗೆ ಶುರುವಾಗಿ 12:40ಕ್ಕೆ ಮುಗೀತು. ಮಧ್ಯಾಹ್ನ 3ಕ್ಕೆ ಚೆಕಿಂಗ್, 3:40ಕ್ಕೆ ಪ್ಯಾಕ್ ಆಯಿತು.

ಕೂಡಿಸಿ ನೋಡಿ. ಕೈ ಮುಟ್ಟಿದ ಹೊತ್ತು 40, 60, 100, 40 ನಿಮಿಷ, ಅಂದರೆ 4 ಗಂಟೆ. ಶಿಫ್ಟಿನ ಹೊತ್ತಿನ ಲೆಕ್ಕದಲ್ಲಿ ಒಟ್ಟು ಹಿಡಿದದ್ದು ಸುಮಾರು 22 ಗಂಟೆ. ಉಳಿದ 18 ಗಂಟೆ ಆರ್ಡರ್ ಕಾದಿದೆ. ಅದರಲ್ಲೂ ಹನ್ನೊಂದೂವರೆ ಗಂಟೆ ಒಂದೇ ಜಾಗದಲ್ಲಿ, ಹೊಲಿಗೆಯ ಮುಂದೆ.

ಈಗ ಹೇಳಿ, ಕಟಿಂಗ್ ಮಾಡುವವರಿಗೆ "ಇನ್ನೂ ಬೇಗ ಮಾಡಿ" ಅಂದರೆ ಏನು ಸಿಗುತ್ತದೆ? 40 ನಿಮಿಷದಲ್ಲಿ ಐದು ನಿಮಿಷ ಉಳಿಯಬಹುದು. ಆ ಆರ್ಡರ್ ಹೊರಗೆ ಹೋಗುವ ಗಳಿಗೆ ಮಾತ್ರ ಒಂದು ನಿಮಿಷವೂ ಮುಂಚೆ ಬರುವುದಿಲ್ಲ. ಈ ಒಂದು ಪುಟ ನೋಡಿದ ಮೇಲೆ ಬೈಯುವ ಮಾತುಗಳು ತಾನಾಗೇ ಕಡಿಮೆಯಾಗುತ್ತವೆ.

ಇಂಥ ಮೂರು ನಾಲ್ಕು ಆರ್ಡರ್ ಬರೆದ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಕೆಲಸದ ನಕ್ಷೆ ಬಿಡಿಸಿ. ಪ್ರತಿ ಕೆಲಸಕ್ಕೆ ಒಂದು ಚೌಕ. ಕಾಯುವ ಪ್ರತಿ ಜಾಗಕ್ಕೆ ಒಂದು ತ್ರಿಕೋನ, ಅದರೊಳಗೆ ಅಲ್ಲಿ ಎಷ್ಟು ಚೀಲ ಕೂತಿವೆ ಎಂಬ ಅಂಕಿ. ಇದನ್ನು ಗೋಡೆಗೆ ಅಂಟಿಸಿ, ಕೆಲಸ ಮಾಡುವವರೇ ತಿದ್ದಲಿ.

ಹೆಜ್ಜೆ 2: ಗ್ರಾಹಕರಿಗೆ ಕೊಟ್ಟ ಮಾತು ಯಾವುದು?

ಗುಣಮಟ್ಟ, ವೇಗ, ಹೇಳಿದ ದಿನಕ್ಕೆ ಕೊಡುವುದು, ಬೇಕಾದಂತೆ ಬದಲಿಸಿ ಕೊಡುವುದು, ಕಡಿಮೆ ಖರ್ಚು. ಈ ಐದರಲ್ಲಿ ಎಲ್ಲವೂ ಬೇಕು ಅನಿಸುತ್ತದೆ. ಆದರೆ ನಿಮ್ಮ ಗ್ರಾಹಕರು ನಿಮ್ಮನ್ನು ಆರಿಸುವುದು ಬಹುಶಃ ಒಂದೆರಡು ಕಾರಣಕ್ಕೆ. ಅದನ್ನು ಮೊದಲು ಬರೆದಿಡಿ. ನೂರು ಬಗೆಯ ಡಿಸೈನ್ ಮಾಡಿಕೊಡುವ ಘಟಕವೂ ಒಂದೇ ಡಿಸೈನ್ ಲಕ್ಷಗಟ್ಟಲೆ ಮಾಡುವ ಘಟಕವೂ ಒಂದೇ ರೀತಿ ಮೆಷಿನ್ ಜೋಡಿಸಲು ಆಗುವುದಿಲ್ಲ. ಇದನ್ನು ತೀರ್ಮಾನಿಸದೆ ಮುಂದೆ ಹೋದರೆ, ನಾಳೆ ವೇಗಕ್ಕೆ ಒಂದು ಬದಲಾವಣೆ ಮಾಡಿ ನಾಡಿದ್ದು ಖರ್ಚಿಗೆಂದು ಅದನ್ನೇ ತೆಗೆಯುತ್ತೀರಿ.

ಹೆಜ್ಜೆ 3: ಮೂರು ಸಮಯಗಳನ್ನು ಬೇರೆ ಬೇರೆ ಅಳೆಯಿರಿ

ಇಲ್ಲಿ ಗೊಂದಲ ಜಾಸ್ತಿ, ಅದಕ್ಕೆ ನಿಧಾನವಾಗಿ ನೋಡೋಣ.

ಸೈಕಲ್ ಟೈಮ್ ಅಂದರೆ ಒಂದು ಕೆಲಸದ ಜಾಗದಿಂದ ಒಂದು ಚೀಲ ಹೊರಬರಲು ಹಿಡಿಯುವ ಹೊತ್ತು. ಹೊಲಿಗೆಯಲ್ಲಿ ಅದು ಎರಡೂವರೆ ನಿಮಿಷ.

ಲೀಡ್ ಟೈಮ್ ಅಂದರೆ ಆರ್ಡರ್ ಬಂದ ಗಳಿಗೆಯಿಂದ ಮಾಲು ಕೈ ಸೇರುವವರೆಗಿನ ಪೂರ್ತಿ ಹೊತ್ತು, ಕಾದದ್ದೂ ಸೇರಿ. ಗ್ರಾಹಕರಿಗೆ ಕಾಣುವುದು ಇದೊಂದೇ.

ಟ್ಯಾಕ್ಟ್ ಟೈಮ್ ಅಂದರೆ ಬೇಡಿಕೆಯ ತಾಳ. ಟ್ಯಾಕ್ಟ್ ಎಂಬುದು ಜರ್ಮನ್ ಪದ, ಸಂಗೀತದ ತಾಳಕ್ಕೆ ಅವರು ಹೇಳುವ ಮಾತು. ದಿನಕ್ಕೆ ಸಿಗುವ ಹೊತ್ತನ್ನು ದಿನದ ಬೇಡಿಕೆಯಿಂದ ಭಾಗಿಸಿದರೆ ಇದು ಸಿಗುತ್ತದೆ. 8 ಗಂಟೆಯ ಶಿಫ್ಟಿನಲ್ಲಿ ಬಿಡುವಿನ 30 ನಿಮಿಷ ತೆಗೆದರೆ ಉಳಿಯುವುದು 450 ನಿಮಿಷ. ದಿನಕ್ಕೆ 150 ಚೀಲ ಬೇಕು. ಹಾಗಾದರೆ ಪ್ರತಿ 3 ನಿಮಿಷಕ್ಕೆ ಒಂದು ಚೀಲ ಬಾಗಿಲು ದಾಟಬೇಕು.

ಹೊಲಿಗೆಗೆ ಬೇಕಾದದ್ದು ಎರಡೂವರೆ ನಿಮಿಷ, ತಾಳ ಇರುವುದು 3 ನಿಮಿಷ. ಕಾಗದದ ಮೇಲೆ ದಿನಕ್ಕೆ 180 ಚೀಲ ಹೊಲಿಯಬಹುದು. ಆರಾಮಾಗಿ ಸಾಕು, ಅಲ್ವಾ?

ಸಾಲದು. ದಿನಕ್ಕೆ ಎರಡು ಸಲ ಡಿಸೈನ್ ಬದಲಾಗುತ್ತದೆ. ಪ್ರತಿ ಸಲ ದಾರ, ಸೂಜಿ, ಫುಟ್ ಬದಲಿಸಿ ಮೆಷಿನ್ ಸೆಟ್ ಮಾಡಲು 40 ನಿಮಿಷ. 450ರಲ್ಲಿ 80 ಹೋಯಿತು, ಉಳಿದದ್ದು 370. ಅದರಲ್ಲಿ ಹೊಲಿಯಬಹುದಾದದ್ದು 148. ಇದರಲ್ಲಿ 6 ಚೀಲದ ಹೊಲಿಗೆ ಸರಿಯಿಲ್ಲದೆ ಬಿಚ್ಚಿ ಮತ್ತೆ ಹೊಲಿಯಬೇಕು. ಒಳ್ಳೆಯ ಚೀಲ 142. ದಿನಕ್ಕೆ 8 ಕೊರತೆ, 25 ದಿನಕ್ಕೆ 200 ಕೊರತೆ. ಎಲ್ಲರೂ ಬೆವರು ಸುರಿಸಿ ದುಡಿದರೂ ತಿಂಗಳ ಕೊನೆಗೆ ಯಾಕೆ ಹಿಂದೆ ಬೀಳುತ್ತೇವೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ ಸಣ್ಣ ಲೆಕ್ಕದಲ್ಲಿ ಅಡಗಿರುತ್ತದೆ.

ಮೆಷಿನ್ ಕಂಪನಿ ಹೇಳುವ ಸಾಮರ್ಥ್ಯವನ್ನು ಎಂದೂ ನಿಮ್ಮ ಸಾಮರ್ಥ್ಯ ಎಂದು ಬರೆಯಬೇಡಿ. ಸೆಟಪ್, ರಿಪೇರಿ, ರೀವರ್ಕ್ ಕಳೆದು ಉಳಿದದ್ದೇ ನಿಮ್ಮದು.

ಹೆಜ್ಜೆ 4: ಬಾಟಲ್‌ನೆಕ್ ಹುಡುಕಿ, ಅಲ್ಲೇ ನಿಲ್ಲಿ

ಈ ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದಲು ಹೊತ್ತಿದೆ ಅಂದರೆ ಇದನ್ನು ಓದಿ.

ಸಾಲಿನಲ್ಲಿ ಎಲ್ಲಕ್ಕಿಂತ ನಿಧಾನದ ಜಾಗ ಯಾವುದೋ ಅದೇ ಇಡೀ ಘಟಕದ ವೇಗ. ನಮ್ಮಲ್ಲಿ ಅದು ಹೊಲಿಗೆ. ಕಟಿಂಗ್ ದಿನಕ್ಕೆ 450 ಮಾಡಬಲ್ಲದು, ಪ್ರಿಂಟಿಂಗ್ 300. ಹೊರಗೆ ಹೋಗುವುದು ಮಾತ್ರ 142. ಬಾಟಲ್‌ನೆಕ್ ಹುಡುಕಲು ಕಂಪ್ಯೂಟರ್ ಬೇಕಿಲ್ಲ. ರಾಶಿ ಎಲ್ಲಿ ಬೆಳೆಯುತ್ತಿದೆ ನೋಡಿ, ರಾಶಿಯ ಮುಂದಿನ ಜಾಗವೇ ಅದು. ಅದರ ನಂತರದವರು ಆಗಾಗ ಕೈಕಟ್ಟಿ ನಿಂತಿರುತ್ತಾರೆ.

ಇಸ್ರೇಲಿನ ಮ್ಯಾನೇಜ್‌ಮೆಂಟ್ ಚಿಂತಕ ಎಲಿಯಾಹು ಗೋಲ್ಡ್‌ರಾಟ್ 1980ರ ದಶಕದಲ್ಲಿ ಇದರ ಮೇಲೇ ಒಂದು ಸಿದ್ಧಾಂತ ಕಟ್ಟಿದರು. ಅವರು ಹೇಳಿದ ಕ್ರಮ ಇವತ್ತಿಗೂ ನನಗೆ ತುಂಬಾ ಪ್ರಿಯ: ಅಡ್ಡಿ ಯಾವುದು ಗುರುತಿಸಿ. ಅದರಿಂದ ಸಿಗುವಷ್ಟನ್ನೂ ಪೂರ್ತಿ ಪಡೆಯಿರಿ. ಉಳಿದ ಎಲ್ಲವನ್ನೂ ಅದರ ತಾಳಕ್ಕೆ ಹೊಂದಿಸಿ. ಇಷ್ಟಾದ ಮೇಲೂ ಸಾಲದಿದ್ದರೆ ಮಾತ್ರ ದುಡ್ಡು ಹಾಕಿ ಸಾಮರ್ಥ್ಯ ಹೆಚ್ಚಿಸಿ. ಆಗ ಅಡ್ಡಿ ಬೇರೆ ಕಡೆ ಹೋಗಿರುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಿ. ಹೆಚ್ಚಿನವರು ನೇರ ನಾಲ್ಕನೆಯದಕ್ಕೆ ಹಾರುತ್ತಾರೆ. ಹೊಸ ಮೆಷಿನ್ ಕೊಳ್ಳುತ್ತಾರೆ, ಅದೂ ಕೆಲವೊಮ್ಮೆ ಬಾಟಲ್‌ನೆಕ್ ಅಲ್ಲದ ಜಾಗಕ್ಕೆ!

"ಪೂರ್ತಿ ಪಡೆಯುವುದು" ಅಂದರೆ ಏನು? ಹೊಲಿಗೆ ಮೆಷಿನ್ ಪಕ್ಕದಲ್ಲಿ ಅರ್ಧ ದಿನ ನಿಂತು ನೋಡಿ. ಟೈಲರ್ ಎದ್ದು ಸ್ಟೋರಿಗೆ ಹೋಗಿ ದಾರ ತರುತ್ತಿದ್ದಾರೆಯೇ? ಆ ಕೆಲಸ ಬೇರೆಯವರಿಗೆ ಕೊಡಿ. ಊಟದ ಹೊತ್ತಿನಲ್ಲಿ ಮೆಷಿನ್ ನಿಲ್ಲುತ್ತದೆಯೇ? ಹೊಲಿಗೆ ಬರುವ ಇನ್ನೊಬ್ಬರು ಆ ಅರ್ಧ ಗಂಟೆ ಕೂರಲಿ. ಪ್ರಿಂಟ್ ಕೆಟ್ಟ ಬಟ್ಟೆ ಹೊಲಿಗೆಗೆ ಬರುತ್ತಿದೆಯೇ? ಹೊಲಿಗೆಗೆ ಮೊದಲೂ ಒಂದು ಚೆಕಿಂಗ್ ಇಡಿ, ಕೆಟ್ಟದ್ದರ ಮೇಲೆ ಒಂದು ಹೊಲಿಗೆಯೂ ದಂಡವಾಗಬಾರದು.

ಇನ್ನು ಆ 40 ನಿಮಿಷದ ಸೆಟಪ್. ಜಪಾನಿನ ಶಿಗಿಯೊ ಶಿಂಗೊ ಇದಕ್ಕೊಂದು ಸರಳ ಪ್ರಶ್ನೆ ಕೊಟ್ಟರು: ಸೆಟಪ್ಪಿನಲ್ಲಿ ಯಾವ ಕೆಲಸಕ್ಕೆ ಮೆಷಿನ್ ನಿಲ್ಲಲೇಬೇಕು, ಯಾವುದನ್ನು ಮೆಷಿನ್ ಓಡುತ್ತಿರುವಾಗಲೇ ಮುಗಿಸಬಹುದು? 1969ರಲ್ಲಿ ಟೊಯೋಟಾದಲ್ಲಿ 1000 ಟನ್ ಪ್ರೆಸ್ಸಿನ ಸೆಟಪ್ಪಿಗೆ 4 ಗಂಟೆ ಹಿಡಿಯುತ್ತಿತ್ತು. ಅದನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ನಮ್ಮ ಹೊಲಿಗೆಯಲ್ಲಿ ಮುಂದಿನ ಡಿಸೈನಿನ ದಾರ, ಸೂಜಿ, ಮಾದರಿ ಚೀಲ ಎಲ್ಲವನ್ನೂ ಒಂದು ಟ್ರೇಯಲ್ಲಿ ಮೊದಲೇ ಜೋಡಿಸಿಟ್ಟರೆ, ಸ್ಕ್ರೂಡ್ರೈವರ್ ಹುಡುಕುವುದು ತಪ್ಪಿದರೆ, 40 ನಿಮಿಷ 15ಕ್ಕೆ ಇಳಿಯಿತು ಅಂದುಕೊಳ್ಳಿ. ಈಗ 450ರಲ್ಲಿ ಹೋಗುವುದು 30 ಮಾತ್ರ. 420 ನಿಮಿಷಕ್ಕೆ 168 ಚೀಲ, ಕೆಟ್ಟ 6 ಕಳೆದರೆ 162. ಬೇಡಿಕೆ 150. ಒಂದು ಮೆಷಿನ್ ಕೊಳ್ಳದೆ, ಒಬ್ಬರಿಗೂ "ಬೇಗ ಬೇಗ" ಎನ್ನದೆ ಕೊರತೆ ತುಂಬಿತು.

ಕೆಲಸ ಹಂಚುವ ಬಗ್ಗೆಯೂ ಇಲ್ಲೇ ಒಂದು ಮಾತು. 1776ರಲ್ಲಿ ಆಡಮ್ ಸ್ಮಿತ್ ಗುಂಡುಸೂಜಿ ಕಾರ್ಖಾನೆಯ ಲೆಕ್ಕ ಬರೆದರು. ಹತ್ತು ಜನ ಕೆಲಸ ಹಂಚಿಕೊಂಡು ದಿನಕ್ಕೆ 48,000 ಗುಂಡುಸೂಜಿ ಮಾಡುತ್ತಿದ್ದರು. ಹಂಚಿದರೆ ಕೈ ಪಳಗುತ್ತದೆ, ನಿಜ. ಆದರೆ ಪ್ರತಿ ಹಂಚಿಕೆಗೂ ಒಂದು ಟ್ರೇ ಹುಟ್ಟುತ್ತದೆ. ಕೆಲಸವನ್ನು ಎಂಟು ತುಂಡು ಮಾಡಿದರೆ ನಡುವೆ ಏಳು ಕಡೆ ಕಾಯುವಿಕೆ. 1913ರಲ್ಲಿ ಫೋರ್ಡ್ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದಾಗ ಆದದ್ದು ಈ ಟ್ರೇಗಳು ಮಾಯವಾದದ್ದು. ಕೆಲಸ ತಾನೇ ಮುಂದಿನವರ ಬಳಿ ಹೋಗತೊಡಗಿತು. ಒಂದು ಚಾಸಿ ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆ, ಒಂದು ವರ್ಷದೊಳಗೆ 93 ನಿಮಿಷಕ್ಕೆ ಇಳಿಯಿತು.

ಹೆಜ್ಜೆ 5: ಒಳಗೆ ಬಿಡುವುದನ್ನು ಕಡಿಮೆ ಮಾಡಿ

ತಡವಾದಾಗ ಎಲ್ಲರೂ ಮಾಡುವುದು ಒಂದೇ: ಇನ್ನಷ್ಟು ಆರ್ಡರ್‌ಗಳನ್ನು ಬೇಗ ಶುರು ಮಾಡಿಬಿಡುವುದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಶುರುವಾದರೆ ಮುಗಿಯುತ್ತದೆ ಎಂಬ ನಂಬಿಕೆ. ಅದು ತಪ್ಪು ಎಂದು ತೋರಿಸುವ ಲೆಕ್ಕ ತುಂಬಾ ಚಿಕ್ಕದು. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ್ದರಿಂದ ಲಿಟಲ್ ನಿಯಮ ಎನ್ನುತ್ತಾರೆ.

ಒಳಗಿರುವ ಕೆಲಸ = ಹೊರಗೆ ಹೋಗುವ ವೇಗ × ಒಂದೊಂದು ಕೆಲಸ ಒಳಗೆ ಕಳೆಯುವ ಸಮಯ.

ಘಟಕದೊಳಗೆ ಎಲ್ಲಾ ಹಂತ ಸೇರಿ 600 ಚೀಲ ಇವೆ, ದಿನಕ್ಕೆ 150 ಹೊರಗೆ ಹೋಗುತ್ತವೆ. ಹಾಗಾದರೆ ಇವತ್ತು ಒಳಗೆ ಬಂದದ್ದು ಸರಾಸರಿ 4 ದಿನ ಒಳಗಿರುತ್ತದೆ. ಒಳಗಿರುವುದನ್ನು 300ಕ್ಕೆ ಇಳಿಸಿ, ಹೊರಗೆ ಹೋಗುವ ವೇಗ ಅಷ್ಟೇ ಇರಲಿ. ಸಮಯ 2 ದಿನಕ್ಕೆ ಇಳಿಯಿತು. ಯಾರೂ ಕೈ ಚುರುಕು ಮಾಡಲಿಲ್ಲ. ಒಳಗೆ ಬಿಡುವುದನ್ನು ತಡೆದದ್ದೇ ಸಾಕಾಯಿತು.

ಈ ಲೆಕ್ಕ ಎಲ್ಲಿ ಬೇಕಾದರೂ ನಡೆಯುತ್ತದೆ. ಆಫೀಸಿನಲ್ಲಿ 90 ಅರ್ಜಿ ಬಾಕಿ, ದಿನಕ್ಕೆ 15 ವಿಲೇವಾರಿ ಆಗುತ್ತವೆ ಎಂದರೆ, ಹೊಸದಾಗಿ ಬಂದವರಿಗೆ "ಸುಮಾರು 6 ದಿನ" ಎಂದು ಧೈರ್ಯವಾಗಿ ಹೇಳಬಹುದು. ಸುಮ್ನೆ "ನಾಳೆ ಬನ್ನಿ" ಎನ್ನುವುದಕ್ಕಿಂತ ಅದು ಎಷ್ಟೋ ಮರ್ಯಾದೆಯ ಮಾತು.

ಮಾಡುವುದು ಹೇಗೆ? ಪ್ರತಿ ಎರಡು ಹಂತಗಳ ನಡುವೆ ಒಂದು ಮಿತಿ ಹಾಕಿ. ಹೊಲಿಗೆಯ ಮುಂದಿನ ರ್‍ಯಾಕಿನಲ್ಲಿ 40 ಚೀಲಕ್ಕೆ ಮಾತ್ರ ಜಾಗ ಎಂದು ಬಣ್ಣದ ಪಟ್ಟಿ ಅಂಟಿಸಿ. ತುಂಬಿದ್ದರೆ ಪ್ರಿಂಟಿಂಗ್ ನಿಲ್ಲಬೇಕು. ಖಾಲಿಯಾದರೆ ಅದೇ ಮುಂದಿನ ಕೆಲಸಕ್ಕೆ ಕರೆ. ಟೊಯೋಟಾದ ತಾಯ್ಚಿ ಓನೊ ಕಾನ್‌ಬಾನ್ ಪದ್ಧತಿ ತಂದದ್ದು ಇದೇ ಯೋಚನೆಯಿಂದ. ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಗ್ರಾಹಕರು ತೆಗೆದಷ್ಟನ್ನು ಮಾತ್ರ ಶೆಲ್ಫಿಗೆ ಮತ್ತೆ ತುಂಬುವುದು ಅವರಿಗೆ ದಾರಿ ತೋರಿಸಿತ್ತು. ಓನೊ ಏಳು ಬಗೆಯ ವ್ಯರ್ಥ ಪಟ್ಟಿ ಮಾಡಿದರು: ಬೇಕಾದ್ದಕ್ಕಿಂತ ಜಾಸ್ತಿ ಮಾಡುವುದು, ಕಾಯುವುದು, ಸುಮ್ನೆ ಸಾಗಿಸುವುದು, ಬೇಡದ ಕೆಲಸ ಮಾಡುವುದು, ಸ್ಟಾಕ್ ಪೇರಿಸುವುದು, ಬೇಡದ ಓಡಾಟ, ಕೆಟ್ಟ ಮಾಲು. ಮೊದಲನೆಯದೇ ಅವರ ಕಣ್ಣಿಗೆ ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದರೆ ಉಳಿದವುಗಳನ್ನು ಮುಚ್ಚಿಡುವುದು ಅದೇ.

ಪ್ರಿಂಟಿಂಗ್ ನಿಂತಾಗ ಅಲ್ಲಿನವರು ಏನು ಮಾಡಬೇಕು? ಮೊದಲೇ ಹೇಳಿಡಿ. ಮೆಷಿನ್ ಒರೆಸಬಹುದು, ಮುಂದಿನ ಸೆಟಪ್ ಟ್ರೇ ಜೋಡಿಸಬಹುದು, ಹೊಲಿಗೆ ಕಲಿಯಬಹುದು. ಮ್ಯಾನೇಜರ್ ಬಂದು "ಯಾಕೆ ಖಾಲಿ ನಿಂತಿದ್ದೀರಿ?" ಎಂದು ಒಂದೇ ಸಲ ಗದರಿದರೂ ಈ ಪದ್ಧತಿ ಅಲ್ಲಿಗೆ ಸತ್ತಿತು.

ಹೆಜ್ಜೆ 6: ಸ್ವಲ್ಪ ಬಿಡುವು ಇಟ್ಟುಕೊಳ್ಳಿ

ಎಲ್ಲರೂ, ಎಲ್ಲವೂ ನೂರಕ್ಕೆ ನೂರು ಬ್ಯುಸಿ ಇರಬೇಕು ಎಂಬ ಆಸೆ ಸಹಜ. ಆದರೆ ಕೆಲಸ ಒಂದೇ ಸಮನೆ ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಒಮ್ಮೆ ಒಂದೂ ಇಲ್ಲ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲೇ ಫೋನ್ ಕರೆಗಳ ಈ ಏರಿಳಿತವನ್ನು ಗಣಿತಕ್ಕೆ ತಂದರು. ಅಲ್ಲಿಂದ ಬೆಳೆದ ಕ್ಯೂ ಶಾಸ್ತ್ರದ ಒಂದು ಮೂಲ ಲೆಕ್ಕ ನೋಡಿ.

ಒಂದೇ ಕೌಂಟರ್, ಒಂದು ಕೆಲಸಕ್ಕೆ ಸರಾಸರಿ 10 ನಿಮಿಷ. ಬರುವ ಹೊತ್ತೂ ಕೆಲಸದ ಹೊತ್ತೂ ಏರುಪೇರಾಗಿರುತ್ತವೆ. ಕೌಂಟರ್ ಅರ್ಧ ಹೊತ್ತು ಬ್ಯುಸಿ ಇದ್ದರೆ ಸರಾಸರಿ ಕಾಯುವಿಕೆ 10 ನಿಮಿಷ. ನೂರಕ್ಕೆ 80 ಬ್ಯುಸಿ ಆದರೆ 40 ನಿಮಿಷ. 90 ಆದರೆ 90 ನಿಮಿಷ. 95 ಆದರೆ 190 ನಿಮಿಷ. ಕೊನೆಯ ಐದು ಅಂಕಕ್ಕೆ ಕಾಯುವಿಕೆ ಎರಡರಷ್ಟು ದಾಟಿತು!

ಅದಕ್ಕೇ ನೂರಕ್ಕೆ 80-85ರ ಆಸುಪಾಸಿನಲ್ಲಿ ಯೋಜನೆ ಹಾಕಿ ಎಂದು ನಾನು ಹೇಳುವುದು. ಏರಿಳಿತ ಕಡಿಮೆ ಮಾಡಿದಷ್ಟೂ ಇನ್ನೂ ಮೇಲೆ ಹೋಗಬಹುದು: ಅಪಾಯಿಂಟ್‌ಮೆಂಟ್ ಕೊಡಿ, ದೊಡ್ಡ ಆರ್ಡರನ್ನು ಸಣ್ಣ ಕಂತು ಮಾಡಿ, ಇಬ್ಬರಿಗೆ ಎರಡೆರಡು ಕೆಲಸ ಕಲಿಸಿ.

ಹೆಜ್ಜೆ 7: ಸ್ಟಾಕಿನ ಲೆಕ್ಕ

ಎರಡೇ ಪ್ರಶ್ನೆ: ಯಾವಾಗ ತರಿಸಬೇಕು, ಎಷ್ಟು ತರಿಸಬೇಕು.

ಯಾವಾಗ ಎಂಬುದು ಸುಲಭ. ದಿನಕ್ಕೆ 10 ದಾರದ ಉಂಡೆ ಖರ್ಚಾಗುತ್ತದೆ, ಆರ್ಡರ್ ಹಾಕಿದ ಮೇಲೆ ಬರಲು 6 ದಿನ. ಈ 6 ದಿನಕ್ಕೆ 60 ಬೇಕು. ಬರುವುದು ತಡವಾದರೆ, ಖರ್ಚು ಜಾಸ್ತಿಯಾದರೆ ಎಂದು ಇನ್ನೊಂದು 20. ಸ್ಟಾಕ್ 80ಕ್ಕೆ ಇಳಿದ ದಿನವೇ ಆರ್ಡರ್ ಹಾಕಿ. 80 ಉಂಡೆಯನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಒಂದು ಕಾರ್ಡು ಅಂಟಿಸಿ. ಮೊದಲ ಡಬ್ಬಿ ಖಾಲಿಯಾಗಿ ಇದಕ್ಕೆ ಕೈ ಹಾಕಿದವರು ಕಾರ್ಡನ್ನು ತಂದುಕೊಡಲಿ. ಸಾಫ್ಟ್‌ವೇರ್ ಇಲ್ಲದೆಯೂ ಇದು ತಪ್ಪುವುದಿಲ್ಲ.

ಎಷ್ಟು ಎಂಬುದಕ್ಕೆ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ ಸೂತ್ರ ಕೊಟ್ಟರು. ಇವರಿಗೂ ಕಾರಿನ ಫೋರ್ಡ್‌ಗೂ ಸಂಬಂಧ ಇಲ್ಲ. ವರ್ಷದ ಬೇಡಿಕೆಯನ್ನು ಒಂದು ಸಲ ಆರ್ಡರ್ ಹಾಕುವ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ವಸ್ತುವನ್ನು ವರ್ಷ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ವರ್ಷಕ್ಕೆ 3600 ಬೇಕು, ಆರ್ಡರ್ ಹಾಕುವ ಖರ್ಚು ಒಂದನ್ನು ಇಟ್ಟುಕೊಳ್ಳುವ ಖರ್ಚಿನ 50 ಪಟ್ಟು ಎಂದರೆ, ಉತ್ತರ 600. ವರ್ಷಕ್ಕೆ ಆರು ಸಲ. ಇಲ್ಲೊಂದು ನೆಮ್ಮದಿಯ ವಿಷಯ ಇದೆ. 600ರ ಬದಲು 500 ಅಥವಾ 700 ತರಿಸಿದರೂ ಆರ್ಡರ್ ಮತ್ತು ಸ್ಟಾಕಿನ ಒಟ್ಟು ಖರ್ಚು ನೂರಕ್ಕೆ 2 ಕೂಡ ಏರುವುದಿಲ್ಲ. ಆದ್ದರಿಂದ ಸೂತ್ರಕ್ಕೆ ಅಂಟಿಕೊಂಡು ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರ ಇದ್ದರೆ ಸಾಕು. ಆರ್ಡರ್ ಹಾಕುವ ಖರ್ಚನ್ನೇ ಇಳಿಸಿದರೆ ಸಣ್ಣ ಸಣ್ಣದಾಗಿ ತರಿಸಬಹುದು, ಅದು ಇನ್ನೂ ಒಳ್ಳೆಯದು.

ಎಲ್ಲ ವಸ್ತುವಿಗೂ ಇಷ್ಟು ಗಮನ ಬೇಕಿಲ್ಲ. ಸಾಮಾನ್ಯವಾಗಿ ಕೆಲವೇ ವಸ್ತುಗಳಲ್ಲಿ ಹೆಚ್ಚಿನ ಹಣ ಕೂತಿರುತ್ತದೆ. ಅವನ್ನು ವಾರಕ್ಕೊಮ್ಮೆ ಎಣಿಸಿ, ಗುಂಡಿ ಪಿನ್ನುಗಳನ್ನು ಡಬ್ಬಿ ತುಂಬಾ ಇಡಿ.

ಮುಂದಿನ ಬೇಡಿಕೆಯ ಅಂದಾಜಿಗೆ ಕಳೆದ ಕೆಲವು ವಾರಗಳ ಸರಾಸರಿಯಿಂದ ಶುರು ಮಾಡಿ. ಅಂದಾಜು ತಪ್ಪುತ್ತದೆ, ಎಷ್ಟು ತಪ್ಪಿತು ಎಂಬುದನ್ನೂ ಬರೆದಿಡಿ. ಆ ತಪ್ಪಿನ ಗಾತ್ರವೇ ಆಪತ್ತಿಗೆಂದು ಇಡುವ ನಿಮ್ಮ ಹೆಚ್ಚುವರಿ ಸ್ಟಾಕ್ ಎಷ್ಟಿರಬೇಕು ಎಂದು ಹೇಳುತ್ತದೆ. ಸಾಧ್ಯವಾದರೆ ಕೊನೆಯ ಗ್ರಾಹಕರಿಗೆ ನಿಜವಾಗಿ ಎಷ್ಟು ಮಾರಾಟ ಆಯಿತು ಎಂಬ ಅಂಕಿ ಕೇಳಿ ಪಡೆಯಿರಿ. ಅಂಗಡಿಯವರು ಭಯಕ್ಕೆ ಸ್ವಲ್ಪ ಜಾಸ್ತಿ ಆರ್ಡರ್ ಹಾಕುತ್ತಾರೆ, ವಿತರಕರು ಅದರ ಮೇಲೆ ಇನ್ನಷ್ಟು, ಕಾರ್ಖಾನೆಯವರು ಇನ್ನೂ ಅಷ್ಟು. ಸಣ್ಣ ಅಲೆ ಹಿಂದೆ ಹಿಂದೆ ಹೋದಂತೆ ದೊಡ್ಡದಾಗುತ್ತದೆ. ಎಂಐಟಿಯ ಜೇ ಫಾರೆಸ್ಟರ್ ಈ ಅಲೆಯನ್ನು ಅಧ್ಯಯನ ಮಾಡಿದರು, ಈಗ ಇದನ್ನು ಬುಲ್‌ವಿಪ್ ಎನ್ನುತ್ತಾರೆ.

ಹೆಜ್ಜೆ 8: ತಪ್ಪು ಆಗದಂತೆ ಕೆಲಸವನ್ನು ರೂಪಿಸಿ

ಕೊನೆಯಲ್ಲಿ ಒಬ್ಬ ಚೆಕರ್ ಕೂರಿಸಿದರೆ ಕೆಟ್ಟ ಮಾಲು ಸಿಕ್ಕಿಬೀಳಬಹುದು, ಆದರೆ ಅಷ್ಟರಲ್ಲಿ ಬಟ್ಟೆ, ಇಂಕ್, ಹೊಲಿಗೆಯ ಹೊತ್ತು ಎಲ್ಲ ಹೋಗಿರುತ್ತದೆ. ತಪ್ಪು ಹುಟ್ಟುವ ಜಾಗದಲ್ಲೇ ತಡೆಯಬೇಕು.

ಮತ್ತೆ ಶಿಂಗೊ ಅವರ ಒಂದು ಕೆಲಸ. ಜಪಾನಿನ ಒಂದು ಕಾರ್ಖಾನೆಯಲ್ಲಿ ಚಿಕ್ಕ ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು. ಆಗಾಗ ಒಂದನ್ನು ಮರೆಯುತ್ತಿದ್ದರು. ಎಚ್ಚರಿಕೆ ಕೊಟ್ಟಾಗ ಸ್ವಲ್ಪ ದಿನ ಸರಿ, ಮತ್ತೆ ಅದೇ. ಶಿಂಗೊ ಒಂದು ಚಿಕ್ಕ ತಟ್ಟೆ ಇಡಿಸಿದರು. ಮೊದಲು ಡಬ್ಬಿಯಿಂದ ಎರಡು ಸ್ಪ್ರಿಂಗ್ ತೆಗೆದು ತಟ್ಟೆಗೆ ಹಾಕಬೇಕು, ಆಮೇಲೆ ಜೋಡಿಸಬೇಕು. ಕೊನೆಗೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಮರೆವು ಮನುಷ್ಯರದ್ದು, ಅದನ್ನು ಬೈದು ಹೋಗಲಾಡಿಸಲು ಆಗುವುದಿಲ್ಲ ಎಂದು ಅವರು ಒಪ್ಪಿಕೊಂಡಿದ್ದರಿಂದಲೇ ಈ ಉಪಾಯ ಹೊಳೆಯಿತು. ಇದಕ್ಕೆ ಪೋಕಾ ಯೋಕೆ ಎಂದು ಹೆಸರು.

ನಮ್ಮ ಘಟಕದ ಆ 6 ಕೆಟ್ಟ ಚೀಲಕ್ಕೆ ಬನ್ನಿ. ಹಿಡಿ ಕಿತ್ತುಬಂತು. ಯಾಕೆ? ಹೊಲಿಗೆ ಅಂಚಿಗೆ ತೀರಾ ಹತ್ತಿರ ಬಿದ್ದಿತ್ತು. ಯಾಕೆ? ಹಿಡಿ ಎಲ್ಲಿಡಬೇಕು ಎಂಬ ಗುರುತು ಕಾಣುತ್ತಿರಲಿಲ್ಲ. ಯಾಕೆ? ಕಟಿಂಗ್‌ನಲ್ಲಿ ಹಾಕಿದ ಚಾಕ್ ಗುರುತು ಪ್ರಿಂಟಿಂಗ್‌ನಲ್ಲಿ ಅಳಿಸಿತು. ಯಾಕೆ? ಒಣಗಿಸಲು ಬಟ್ಟೆಯನ್ನು ಒಂದರ ಮೇಲೊಂದು ಎಳೆಯುತ್ತಾರೆ. ಯಾಕೆ? ಒಣಗಿಸುವ ಸ್ಟ್ಯಾಂಡ್ ಚಿಕ್ಕದು. "ಟೈಲರ್ ಸರಿಯಾಗಿ ನೋಡಲ್ಲ" ಎಂದು ಶುರುವಾದದ್ದು ಸ್ಟ್ಯಾಂಡಿನಲ್ಲಿ ಬಂದು ನಿಂತಿತು. ಕಟಿಂಗ್‌ನಲ್ಲೇ ಅಂಚಿಗೆ ಸಣ್ಣ ಕಚ್ಚು ಹಾಕಿದರೆ ಗುರುತು ಅಳಿಸುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಎಚ್ಚರ. ನಿನ್ನೆ 6, ಇವತ್ತು 8, ನಾಳೆ 5. ಇವತ್ತು ಎಂಟಾಯಿತೆಂದು ಮೀಟಿಂಗ್ ಕರೆಯಬೇಕೇ? ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದಕ್ಕೆ ಕಂಟ್ರೋಲ್ ಚಾರ್ಟ್ ಕೊಟ್ಟರು. ಕೆಲವು ವಾರಗಳ ಅಂಕಿಯಿಂದ ಸರಾಸರಿಯ ಗೆರೆ, ಅದರ ಮೇಲೆ ಕೆಳಗೆ ಒಂದೊಂದು ಮಿತಿಯ ಗೆರೆ. ಮಿತಿಯೊಳಗಿನ ಏರಿಳಿತ ಆ ಪದ್ಧತಿಯ ಸಹಜ ಗುಣ. ಅದನ್ನು ಇಳಿಸಬೇಕಾದರೆ ಪದ್ಧತಿಯನ್ನೇ ಬದಲಿಸಬೇಕು. ಮಿತಿ ದಾಟಿದರೆ ಆ ದಿನ ವಿಶೇಷವಾಗಿ ಏನೋ ಆಗಿದೆ, ಆಗ ಹುಡುಕಿ. ದಿನದಿನದ ಸಣ್ಣ ಏರಿಳಿತಕ್ಕೆ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಬೈಯುವುದು ಅನ್ಯಾಯ. ಈ ಪಾಠಗಳನ್ನೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರ್‌ಗಳಿಗೂ ಕಂಪನಿಗಳ ಮುಖ್ಯಸ್ಥರಿಗೂ ಹೇಳಿಕೊಟ್ಟರು.

ಹೆಜ್ಜೆ 9: ದಿನಕ್ಕೆ ಹತ್ತು ನಿಮಿಷ, ಒಂದು ಬೋರ್ಡು

ಬಾಟಲ್‌ನೆಕ್ ಪಕ್ಕದಲ್ಲೇ ಒಂದು ಬಿಳಿ ಬೋರ್ಡು ಹಾಕಿ. ಆಫೀಸ್ ರೂಮಿನಲ್ಲಿ ಬೇಡ. ಅದರಲ್ಲಿ ನಾಲ್ಕೇ ಅಂಕಿ: ನಿನ್ನೆ ಹೊರಗೆ ಹೋದ ಒಳ್ಳೆಯ ಚೀಲ, ಒಳಗಿರುವ ಒಟ್ಟು ಚೀಲ, ಕೆಟ್ಟದ್ದು, ಹೇಳಿದ ದಿನಕ್ಕೆ ಹೋಗದ ಆರ್ಡರ್. ಶಿಫ್ಟ್ ಶುರುವಿನಲ್ಲಿ ನಿಂತೇ ಮಾತಾಡಿ. ಮೊದಲ ಪ್ರಶ್ನೆ ಯಾವಾಗಲೂ "ಕೆಲಸ ಎಲ್ಲಿ ನಿಂತಿದೆ?" ಆಗಿರಲಿ. "ಯಾರು ತಡ ಮಾಡಿದರು?" ಎಂದು ಒಂದು ಸಲ ಕೇಳಿದರೂ ಮರುದಿನದಿಂದ ಬೋರ್ಡಿನ ಅಂಕಿಗಳು ಚೆಂದ ಕಾಣತೊಡಗುತ್ತವೆ, ನಿಜ ಮಾತ್ರ ಅಲ್ಲಿರುವುದಿಲ್ಲ.

ಬದಲಾವಣೆ ಒಂದೊಂದೇ ಮಾಡಿ. ಏನಾಗಬಹುದು ಎಂದು ಮೊದಲು ಬರೆಯಿರಿ, ಒಂದು ವಾರ ಮಾಡಿ ನೋಡಿ, ಅಂಕಿಗೆ ಹೋಲಿಸಿ, ಸರಿಯಿದ್ದರೆ ಅದನ್ನೇ ಪದ್ಧತಿ ಮಾಡಿ. ಪದ್ಧತಿಯನ್ನು ಕೆಲಸ ಮಾಡುವವರ ಮಾತಿನಲ್ಲೇ, ಫೋಟೋ ಹಾಕಿ, ಒಂದೇ ಹಾಳೆಯಲ್ಲಿ ಬರೆದು ಮೆಷಿನ್ ಪಕ್ಕ ತೂಗುಹಾಕಿ. ಮೂರು ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಚೀಲದ ಘಟಕದಲ್ಲಿ ಈಗ ಸೆಟಪ್ 15 ನಿಮಿಷಕ್ಕೆ ಇಳಿದಿದೆ, ಹೊಲಿಗೆಯ ಮುಂದೆ 40ರ ಮಿತಿ ಇದೆ, ಕಟಿಂಗ್‌ನಲ್ಲೇ ಕಚ್ಚು ಬೀಳುತ್ತಿದೆ. ಮುಂದಿನ ತಿಂಗಳು ಬೇಡಿಕೆ ದಿನಕ್ಕೆ 160 ಆದರೆ ತಾಳ ಬದಲಾಗುತ್ತದೆ, ಬಾಟಲ್‌ನೆಕ್ ಕೂಡ ಬೇರೆ ಕಡೆ ಹೋಗಬಹುದು. ಆಗ ಮತ್ತೆ ನೋಟ್‌ಬುಕ್ ತೆಗೆದುಕೊಂಡು, ಸ್ಟೋರಿನ ಬಾಗಿಲಿನಿಂದ ಒಂದು ಆರ್ಡರ್ ಹಿಂದೆ ನಡೆಯಲು ಶುರು ಮಾಡಿ.